ಕಾಲೇಜಿನ ಆಡಳಿತಾಧಿಕಾರಿಯೊಬ್ಬರ ನುಡಿನಮನ: ಏನು ಬರೆಯಬೇಕು, ಎಷ್ಟು ಬರೆಯಬೇಕು?

ಪ್ರಶ್ನೆ — ಸಂಚಿಕೆಯ ಸಂಪಾದಕ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಗರದ ಹಳೆಯ ಅನುದಾನಿತ ಕಾಲೇಜೊಂದರಲ್ಲಿ ಗುಮಾಸ್ತರಾಗಿ ಸೇರಿ, ಕಚೇರಿ ಅಧೀಕ್ಷಕರಾಗಿ, ಕೊನೆಗೆ ಆಡಳಿತಾಧಿಕಾರಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಇತ್ತೀಚೆಗೆ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಸಂಘವು ಅವರ ನೆನಪಿನಲ್ಲಿ ಒಂದು ಸಂಚಿಕೆಯನ್ನು ತರುತ್ತಿದ್ದು, ಅದರ ಮುಖ್ಯ ಲೇಖನವನ್ನು ಬರೆಯುವ ಹೊಣೆ ನನಗೆ ಬಂದಿದೆ. ಕುಟುಂಬದವರ ಇಚ್ಛೆಯಂತೆ ಅವರ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ಇಲ್ಲಿ ಹೇಳುತ್ತಿಲ್ಲ. ಅವರನ್ನು ಬಲ್ಲ ಕೆಲವರು ಈ ವೇದಿಕೆಯಲ್ಲಿದ್ದಾರೆ, ಅವರಿಗೆ ಹೆಸರು ಬೇಕಾಗುವುದಿಲ್ಲ.

ನನ್ನ ತೊಡಕು ಇಷ್ಟು. ಸಂತಾಪ ಸಭೆಯಲ್ಲಿ ಆಡಿದ ಮಾತುಗಳು, ವಾಟ್ಸಾಪ್ ಗುಂಪಿನಲ್ಲಿ ಬಂದ ಬರಹಗಳು ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ನಾಲ್ಕು ವಿಶೇಷಣಗಳ ಹೊರತಾಗಿ ಏನೂ ಉಳಿಯುವುದಿಲ್ಲ: ಸರಳ ಸಜ್ಜನ, ಕುಟುಂಬವತ್ಸಲ, ದೈವಭಕ್ತ, ಸಮಾಜಸೇವಕ. ಇವು ಸುಳ್ಳಲ್ಲ, ಆದರೆ ಹೆಸರನ್ನು ಬದಲಿಸಿದರೆ ಇದೇ ಮಾತುಗಳು ನಗರದ ಯಾವ ಹಿರಿಯರ ತಿಥಿಪತ್ರಿಕೆಗೂ ಹೊಂದಿಕೊಳ್ಳುತ್ತವೆ. ಬೆಂಗಳೂರಿನ ಶಿಕ್ಷಣದ ಇತಿಹಾಸದಲ್ಲಿ ನಾವು ನೆನೆಯುವವರು ಹೆಚ್ಚಾಗಿ ಸಂಸ್ಥಾಪಕರು ಮತ್ತು ಪ್ರಾಂಶುಪಾಲರು. 1940ರಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿಯನ್ನು ಆರಂಭಿಸಿದ ಎಂ. ಸಿ. ಶಿವಾನಂದ ಶರ್ಮ, 1946ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಕಟ್ಟಿದ ಬಿ. ಎಂ. ಶ್ರೀನಿವಾಸಯ್ಯ ಇವರ ಹೆಸರುಗಳು ನಮಗೆ ಗೊತ್ತು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರೂ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರೆಂಬುದು ಬಸವನಗುಡಿಯ ಮಕ್ಕಳಿಗೂ ತಿಳಿದಿದೆ. ಆದರೆ ಕಚೇರಿಯ ಕಿಟಕಿಯ ಆಚೆ ಕುಳಿತಿದ್ದವರ ನೆನಪು ಉಳಿಯುವುದು ನಮ್ಮ ಟಿ.ಸಿ.ಯ ಮೇಲಿನ ಸಹಿಯಲ್ಲಿ ಮಾತ್ರ, ಅದೂ ಪ್ರಾಂಶುಪಾಲರ ಸಹಿಯ ಪಕ್ಕದ ಪುಟ್ಟ ರುಜುವಾಗಿ.

ಹಾಗಾಗಿ ಮೂರು ವಿಷಯಗಳಲ್ಲಿ ಸಲಹೆ ಬೇಕಾಗಿದೆ. ಪಾಠ ಮಾಡದ, ಭಾಷಣ ಮಾಡದ, ಪುಸ್ತಕ ಬರೆಯದ ವ್ಯಕ್ತಿಯ ಕೆಲಸವನ್ನು ಓದುಗರಿಗೆ ಕಾಣುವಂತೆ ಬರೆಯುವುದು ಹೇಗೆ? ಅವರು ಕನ್ನಡ ಪ್ರಾಟೆಸ್ಟೆಂಟ್ ಕ್ರೈಸ್ತರು, ತಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಕೆಲಸದಲ್ಲಿ ಆಳವಾಗಿ ತೊಡಗಿದ್ದವರು. ಓದುಗರಲ್ಲಿ ಬಹುಪಾಲು ಬೇರೆ ಧರ್ಮದವರಿರುವ ಕಾಲೇಜು ಸಂಚಿಕೆಯಲ್ಲಿ ಅವರ ನಂಬಿಕೆಯ ಬಗ್ಗೆ ಎಷ್ಟು ಬರೆಯಬಹುದು? ಮೂರನೆಯದಾಗಿ, ಅವರ ಹೆಸರಿನಲ್ಲಿ ದತ್ತಿಯೊಂದನ್ನು ಸ್ಥಾಪಿಸುವ ಯೋಚನೆ ಸಂಘಕ್ಕಿದೆ, ಅದನ್ನು ಯಾವುದಕ್ಕೆ ಮೀಸಲಿಡುವುದು ಒಳ್ಳೆಯದು?

ಉತ್ತರ 1 — ನಿವೃತ್ತ ಅಧೀಕ್ಷಕ

ನಾನು ಬೇರೊಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿದ್ದವನು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿಯೂ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿಯೂ ಅವರನ್ನು ಎಷ್ಟೋ ಸಲ ಭೇಟಿಯಾಗಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೆಂದರೆ, ಗುಣಗಳನ್ನು ಬಿಟ್ಟು ಕಡತಗಳಿಂದ ಆರಂಭಿಸಿ.

ಅನುದಾನಿತ ಕಾಲೇಜಿನ ಕಚೇರಿ ಹೇಗೆ ನಡೆಯುತ್ತದೆಂಬುದು ಅಲ್ಲಿ ಓದಿದವರಿಗೇ ತಿಳಿದಿರುವುದಿಲ್ಲ. ಅನುಮೋದಿತ ಹುದ್ದೆಗಳ ಸಂಬಳ ಸರ್ಕಾರದ ಅನುದಾನದಿಂದ ಬರಬೇಕು. ಅದಕ್ಕೆ ಪ್ರತಿ ತಿಂಗಳೂ ವೇತನ ಬಿಲ್ಲು ತಪ್ಪಿಲ್ಲದೆ ಕಾಲೇಜು ಶಿಕ್ಷಣ ಇಲಾಖೆಗೆ ಹೋಗಬೇಕು. ಬಿಲ್ಲಿನಲ್ಲಿ ಒಂದು ಆಕ್ಷೇಪಣೆ ಬಂದರೆ ಇಡೀ ಕಾಲೇಜಿನ ಅಧ್ಯಾಪಕರ ಮನೆಗಳಲ್ಲಿ ಆ ತಿಂಗಳ ಬಾಡಿಗೆ ತಡವಾಗುತ್ತದೆ. ಪ್ರತಿಯೊಬ್ಬರ ಸೇವಾ ಪುಸ್ತಕದಲ್ಲಿ ವಾರ್ಷಿಕ ವೇತನ ಬಡ್ತಿ, ರಜೆ, ನಾಮನಿರ್ದೇಶನ ಎಲ್ಲವನ್ನೂ ಆಯಾ ಕಾಲಕ್ಕೆ ನಮೂದಿಸಿ ದೃಢೀಕರಿಸಬೇಕು. ಸೇವೆಯಲ್ಲಿರುವಾಗಲೇ ಯಾರಾದರೂ ತೀರಿಕೊಂಡರೆ ಅವರ ಹೆಂಡತಿ ಮಕ್ಕಳಿಗೆ ಕುಟುಂಬ ಪಿಂಚಣಿ ಕೆಲವೇ ತಿಂಗಳಲ್ಲಿ ಬರುತ್ತದೆಯೋ ವರ್ಷಗಟ್ಟಲೆ ಅಲೆಯಬೇಕಾಗುತ್ತದೆಯೋ ಎಂಬುದು ಎಂದೋ ಮಾಡಿದ ಅಥವಾ ಮಾಡದೆ ಬಿಟ್ಟ ಒಂದು ನಮೂದಿನ ಮೇಲೆ ನಿಂತಿರುತ್ತದೆ. ನಾನು ಕಂಡಂತೆ ಅವರ ಕಾಲೇಜಿನ ಸೇವಾ ಪುಸ್ತಕಗಳು ಆಕ್ಷೇಪಣೆಯಿಲ್ಲದೆ ಹೋಗುತ್ತಿದ್ದವು. ಯಾವುದೇ ಸನ್ಮಾನ ಪತ್ರದಲ್ಲಿ ಇದನ್ನು ಬರೆದದ್ದನ್ನು ನಾನು ನೋಡಿಲ್ಲ. ಆದರೂ ವಿಧವೆಯೊಬ್ಬರು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ತಪ್ಪಿಸಿದ್ದಕ್ಕಿಂತ ದೊಡ್ಡ ಸಮಾಜಸೇವೆ ಯಾವುದೆಂದು ನನಗೆ ಹೊಳೆಯುವುದಿಲ್ಲ.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಪರೀಕ್ಷಾ ಅರ್ಜಿಗಳು ಕಾಗದದಲ್ಲಿಯೇ ಇದ್ದ ಕಾಲವನ್ನು ನೆನಪು ಮಾಡಿಕೊಳ್ಳಿ. ದಂಡವಿಲ್ಲದ ಕೊನೆಯ ದಿನ, ದಂಡಸಹಿತ ಕೊನೆಯ ದಿನ ಎರಡೂ ಕಳೆದರೆ ವಿದ್ಯಾರ್ಥಿಗೆ ವರ್ಷವೇ ಹೋಯಿತೆಂದು ಲೆಕ್ಕ. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳ ವಿದ್ಯಾರ್ಥಿವೇತನದ ಹಣ ಬರುವುದು ತಡವಾಗುತ್ತಿತ್ತು, ಅಷ್ಟರಲ್ಲಿ ಶುಲ್ಕದ ಗಡುವು ಮುಗಿಯುತ್ತಿತ್ತು. ಅಂಥ ಮಕ್ಕಳಿಂದ ಮುಚ್ಚಳಿಕೆ ಬರೆಸಿಕೊಂಡು, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಬಡ ವಿದ್ಯಾರ್ಥಿ ನಿಧಿಯಿಂದ ಶುಲ್ಕ ತುಂಬಿಸಿ, ವಿದ್ಯಾರ್ಥಿವೇತನ ಬಂದ ಕೂಡಲೇ ನಿಧಿಗೆ ಮರಳಿಸುವ ಪದ್ಧತಿಯೊಂದನ್ನು ಅವರು ಮಾಡಿಕೊಂಡಿದ್ದರು. ತಮ್ಮ ಜೇಬಿನಿಂದ ಕೊಟ್ಟು ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಾಗುತ್ತಿತ್ತು. ನಿಯಮದೊಳಗೇ ದಾರಿ ಮಾಡಿದ್ದರಿಂದ ಅವರು ನಿವೃತ್ತರಾದ ಮೇಲೂ ಆ ದಾರಿ ಉಳಿಯಿತು. ಸಾಧ್ಯವಾದರೆ ಹಳೆಯ ಔಟ್‌ವರ್ಡ್ ರಿಜಿಸ್ಟರ್‌ಗಳನ್ನು ತೆರೆಸಿ ನೋಡಿ. ಯಾವ ವಾರ ಯಾರ ಪರವಾಗಿ ಎಲ್ಲಿಗೆ ಪತ್ರ ಬರೆದರೆಂಬುದು ಅಲ್ಲಿ ಸಿಗುತ್ತದೆ, ನಿಮ್ಮ ಲೇಖನದ ಅರ್ಧ ಭಾಗ ಅಲ್ಲಿಯೇ ಇದೆ.

ಇನ್ನೊಂದು ಮಾತು: ಅವರು ಮೃದುಭಾಷಿಯೆಂದು ಬರೆಯಬೇಡಿ. ಹಾಜರಾತಿ ಶೇಕಡ 75 ತಲುಪದಿದ್ದರೆ ಶಿಫಾರಸು ಪತ್ರ ಯಾರಿಂದ ತಂದರೂ ಕಿಟಕಿಯಲ್ಲೇ ಹಿಂದಿರುಗಿಸುತ್ತಿದ್ದರು, ಅದೂ ಸ್ವಲ್ಪ ಗಟ್ಟಿ ದನಿಯಲ್ಲಿ.

ಉತ್ತರ 2 — ಬ್ರೈಲ್ ಓದುಗ

ಮೇಲಿನ ಉತ್ತರವನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತಿದ್ದಂತೆಯೇ ತೀರಿಕೊಂಡ ಆ ಹಿರಿಯರು ಯಾರೆಂದು ತಿಳಿಯಿತು. ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು, ಆ ಕಾಲೇಜಿನಲ್ಲಿ ಬಿ.ಎ. ಓದಿದವನು.

ದೃಷ್ಟಿಹೀನ ವಿದ್ಯಾರ್ಥಿಗೆ ಪರೀಕ್ಷೆಯೆಂದರೆ ಮೊದಲು ಸ್ಕ್ರೈಬ್‌ನ, ಅಂದರೆ ನಾವು ಹೇಳಿದ್ದನ್ನು ಬರೆದುಕೊಡುವವನ, ಚಿಂತೆ, ಆಮೇಲೆ ಪಾಠದ ಚಿಂತೆ. ಇಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತು, ಅಂದರೆ ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ಒಂದು ಗಂಟೆ. ಪರೀಕ್ಷೆಗೆ ಎರಡು ದಿನ ಮುಂಚೆ ಸ್ಕ್ರೈಬ್‌ನನ್ನು ಭೇಟಿಯಾಗುವ ಅವಕಾಶವೂ ಅದರಲ್ಲಿತ್ತು. ನಾನು ಓದುವಾಗ ಇಷ್ಟು ಸ್ಪಷ್ಟವಾದ ನಿಯಮಗಳಿರಲಿಲ್ಲ. ಹೆಚ್ಚುವರಿ ಸಮಯ ಸಿಗುವುದು ಬಿಡುವುದು ಆ ಕೇಂದ್ರದ ಮೇಲ್ವಿಚಾರಕರ ಮನಸ್ಸಿಗೆ ಬಿಟ್ಟದ್ದಾಗಿತ್ತು. ಬರುತ್ತೇನೆಂದು ಒಪ್ಪಿದ ಹುಡುಗ ಬೆಳಿಗ್ಗೆ ಬಾರದೇ ಹೋದರೆ ಕೇಳುವವರಿರಲಿಲ್ಲ.

ಅವರು ಮಾಡಿದ್ದು ಇಷ್ಟೇ. ಕಿರಿಯ ತರಗತಿಗಳ ಮಕ್ಕಳಲ್ಲಿ ಕೈಬರಹ ಚೆನ್ನಾಗಿದ್ದು ಮನಸ್ಸಿದ್ದವರ ಪಟ್ಟಿಯೊಂದನ್ನು ಆಗಸ್ಟ್ ತಿಂಗಳಲ್ಲೇ ಸಿದ್ಧಪಡಿಸುತ್ತಿದ್ದರು. ಪರೀಕ್ಷೆಗೆ ಮೊದಲು ನಮ್ಮೊಡನೆ ಅವರನ್ನು ಕೂರಿಸಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬರೆಸುತ್ತಿದ್ದರು. ಪರೀಕ್ಷೆಯ ದಿನ ಒಬ್ಬರು ಹೆಚ್ಚುವರಿಯಾಗಿ ಕಚೇರಿಯಲ್ಲಿ ಕಾದಿರುತ್ತಿದ್ದರು. ಹೆಚ್ಚುವರಿ ಸಮಯಕ್ಕಾಗಿ ವಿಶ್ವವಿದ್ಯಾಲಯದ ಲಿಖಿತ ಅನುಮತಿಯನ್ನು ತಾವೇ ಮುಂಚಿತವಾಗಿ ತಂದು ಮೇಲ್ವಿಚಾರಕರ ಮೇಜಿನ ಮೇಲೆ ಇಡುತ್ತಿದ್ದರು. ನಮ್ಮಲ್ಲಿ ಯಾರನ್ನೂ ಅವರು ಕರುಣೆಯ ದನಿಯಲ್ಲಿ ಮಾತನಾಡಿಸಲಿಲ್ಲ. ಹಾಜರಾತಿ ಕಡಿಮೆಯಾದಾಗ ನನ್ನನ್ನೂ ಎಲ್ಲರಂತೆಯೇ ಬೈದರು, ಅದು ನನಗೆ ಹಿತವಾಗಿತ್ತು.

ಅರ್ಥಶಾಸ್ತ್ರದ ಪಠ್ಯಪುಸ್ತಕ ಬ್ರೈಲಿನಲ್ಲಿ ಸಿಗದಿದ್ದಾಗ ಅದನ್ನು ಕ್ಯಾಸೆಟ್ಟುಗಳಲ್ಲಿ ಓದಿಸಿ ತಂದುಕೊಟ್ಟರು. ಕೆಲವು ಅಧ್ಯಾಯಗಳು ಅವರ ದನಿಯಲ್ಲಿದ್ದವು, ಹೆಚ್ಚಿನವು ಒಬ್ಬ ಹುಡುಗಿಯ ದನಿಯಲ್ಲಿ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ವ್ಯಾಖ್ಯೆಯ ನಡುವೆ ಎಲ್ಲಿಯೋ ಪ್ರೆಷರ್ ಕುಕ್ಕರ್ ಕೂಗುತ್ತಿತ್ತು. ಆ ದನಿ ಯಾರದೆಂದು ನಾನು ಕೇಳಿರಲೇ ಇಲ್ಲ.

ದತ್ತಿಯ ಬಗ್ಗೆ: ರ‍್ಯಾಂಕ್ ಬಂದವರಿಗೆ ಪದಕ ಕೊಡುವ ದತ್ತಿಗಳು ಸಾಕಷ್ಟಿವೆ. ಸ್ಕ್ರೈಬ್‌ಗಳಿಗೆ ಬಸ್ಸಿನ ಖರ್ಚು ಮತ್ತು ಊಟಕ್ಕೆ ಕೊಡುವ ದತ್ತಿ ಇದ್ದದ್ದನ್ನು ನಾನು ಕೇಳಿಲ್ಲ.

ಉತ್ತರ 3 — ಗಾಯನವೃಂದದವನು

ನಂಬಿಕೆಯ ಬಗ್ಗೆ ಎಷ್ಟು ಬರೆಯಬೇಕೆಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಕಾರ್ಪೊರೇಷನ್ ಕಚೇರಿಯ ಬಳಿಯ ಹಡ್ಸನ್ ಸ್ಮಾರಕ ದೇವಾಲಯದ (ಚರ್ಚಿನ) ಗಾಯನವೃಂದದಲ್ಲಿ ಅವರೂ ನಾನೂ ಒಟ್ಟಿಗೆ ಹಾಡಿದವರು. ಅವರದು ಮಂದ್ರ ಸ್ವರ. ದನಿ ದೊಡ್ಡದಾಗಿರಲಿಲ್ಲ, ಆದರೆ ಶ್ರುತಿ ಎಂದೂ ತಪ್ಪುತ್ತಿರಲಿಲ್ಲ. ನಮ್ಮ ಆರಾಧನೆಯಲ್ಲಿ ಪಾಶ್ಚಾತ್ಯ ರಾಗಗಳ, ನಾವು ಸಂಗೀತಗಳೆನ್ನುವ ಸ್ತುತಿಗೀತೆಗಳೂ ಇವೆ, ಕರ್ನಾಟಕ ಸಂಗೀತದ ರಾಗಗಳಲ್ಲಿ ಕಟ್ಟಿದ ಕೀರ್ತನೆಗಳೂ ಇವೆ. ಎರಡನೆಯದೇ ಅವರಿಗೆ ಹೆಚ್ಚು ಪ್ರಿಯ.

ಹಡ್ಸನ್ ವೃತ್ತವನ್ನು ದಿನವೂ ದಾಟುವವರಿಗೆ ಆ ಹೆಸರು ಯಾರದೆಂದು ತಿಳಿದಿರಲಿಕ್ಕಿಲ್ಲ. ಜೋಸೈಯಾ ಹಡ್ಸನ್ ಅವರು ವೆಸ್ಲಿಯನ್ ಮಿಷನಿನ ಪಾದ್ರಿ. ಕನ್ನಡದ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು ನಡೆಸಿದ ಶಿಕ್ಷಣತಜ್ಞರು. 1904ರಲ್ಲಿ ಕಟ್ಟಿದ ಕಲ್ಲಿನ ದೇವಾಲಯಕ್ಕೆ ಅವರ ಹೆಸರಿಟ್ಟರು, ವೃತ್ತಕ್ಕೂ ಅದೇ ಹೆಸರು ಬಂತು. ಶಾಲೆ ನಡೆಸುವುದು ದೇವರ ಕೆಲಸದ ಹೊರಗಿನದಲ್ಲವೆಂಬ ತಿಳಿವಳಿಕೆ ನಮ್ಮ ಸಭೆಗೆ ಆ ಕಾಲದಿಂದ ಬಂದದ್ದು. ನಮ್ಮ ಆಡಳಿತಾಧಿಕಾರಿಯವರೂ ಅದರಲ್ಲಿಯೇ ಬೆಳೆದವರು, ಆದ್ದರಿಂದ ಭಾನುವಾರದ ಮನುಷ್ಯ ಬೇರೆ, ಸೋಮವಾರದ ಮನುಷ್ಯ ಬೇರೆ ಎಂದು ನೀವು ಎರಡು ಅಧ್ಯಾಯಗಳಲ್ಲಿ ಬರೆದರೆ ಚಿತ್ರ ಕೆಡುತ್ತದೆ.

ಸಭೆಯಲ್ಲಿ ಅವರು ಖಜಾಂಚಿಯಾಗಿದ್ದರು. ಕಾಣಿಕೆಯ ಲೆಕ್ಕವನ್ನು ಇಬ್ಬರು ಎದುರಿಗಿಲ್ಲದೆ ಎಣಿಸುತ್ತಿರಲಿಲ್ಲ, ಸಭಾಪಾಲಕರು ಅವಸರ ಮಾಡಿದರೂ ವೋಚರ್ ಇಲ್ಲದೆ ಹಣ ಕೊಡುತ್ತಿರಲಿಲ್ಲ. ಇದರಿಂದ ಕೆಲವರಿಗೆ ಬೇಸರವಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಸುಗ್ಗಿ ಹಬ್ಬದಲ್ಲಿ ಸಭೆಯವರು ತಂದೊಪ್ಪಿಸಿದ ತರಕಾರಿ, ಹಣ್ಣು, ಕೋಳಿಗಳ ಹರಾಜು ನಡೆಯುವಾಗ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಕುಂಬಳಕಾಯಿಗೆ ಬೇಕೆಂದೇ ಬೆಲೆ ಏರಿಸಿ, ಕೊನೆಗೆ ತಾವೇ ಕೊಂಡು, ಬಡ ಮಕ್ಕಳ ವಿದ್ಯಾರ್ಥಿನಿಲಯವೊಂದಕ್ಕೆ ಆಟೋದಲ್ಲಿ ಕಳುಹಿಸುತ್ತಿದ್ದರು.

ಕಾಲೇಜಿನಲ್ಲಿ ಅವರು ಧರ್ಮದ ಮಾತನ್ನು ತಾವಾಗಿ ಎತ್ತಿದ್ದನ್ನು ಯಾರೂ ಹೇಳಲಾರರು. ಕಚೇರಿಯ ಆಯುಧಪೂಜೆಯಲ್ಲಿ ಎಲ್ಲರೊಡನೆ ನಿಂತು ಚರುಪು ಹಂಚುತ್ತಿದ್ದರು, ರಂಜಾನ್ ತಿಂಗಳಲ್ಲಿ ಜವಾನರೊಬ್ಬರ ಕೆಲಸದ ವೇಳೆಯನ್ನು ಉಪವಾಸ ಬಿಡುವ ಹೊತ್ತಿಗೆ ಹೊಂದಿಸಿಕೊಟ್ಟಿದ್ದರು. ಬೇರೆಯವರ ನಂಬಿಕೆಗೆ ಜಾಗ ಮಾಡಿಕೊಟ್ಟವರ ನಂಬಿಕೆಯನ್ನು ಸಂಚಿಕೆಯಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಬೈಬಲ್ ವಚನಗಳನ್ನು ಶೀರ್ಷಿಕೆಯಾಗಿಟ್ಟು ಅಲಂಕರಿಸಬೇಡಿ, ಅವರು ಮಾಡಿದ್ದನ್ನು ಬರೆಯಿರಿ.

ಉತ್ತರ 4 — ಅವರ ಮಗಳು

ಈ ಚರ್ಚೆಯನ್ನು ನನ್ನ ತಮ್ಮ ಕಳುಹಿಸಿಕೊಟ್ಟ. ಎಲ್ಲರಿಗೂ ವಂದನೆಗಳು. ಉತ್ತರ 2 ಬರೆದ ಅಣ್ಣನವರಿಗೆ ಮೊದಲು ಹೇಳಬೇಕಾದದ್ದು: ಆ ದನಿ ನನ್ನದು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಓದುತ್ತಿದ್ದುದರ ತಲೆಬುಡ ನನಗೆ ತಿಳಿಯುತ್ತಿರಲಿಲ್ಲ. ಕುಕ್ಕರ್ ಕೂಗುವ ಮೊದಲು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಬೇಕೆಂದು ಅಪ್ಪನ ಕಟ್ಟಪ್ಪಣೆಯಿತ್ತು, ನಾನು ಹಲವು ಸಲ ಮರೆಯುತ್ತಿದ್ದೆ.

ಸಂಪಾದಕರಲ್ಲಿ ನನ್ನದೊಂದು ಮನವಿಯಿದೆ. ಅಪ್ಪನನ್ನು ಕುಟುಂಬವತ್ಸಲರೆಂದು ಬರೆದರೆ ಅದು ನಿಜ. ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜನಿಗೆ ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಆಮೇಲೆಯೇ ಅವರು ಕಾಲೇಜಿಗೆ ಹೊರಡುತ್ತಿದ್ದರು, ಆ ಕೆಲಸವನ್ನು ಅಮ್ಮನಿಗೆ ಎಂದೂ ಬಿಡಲಿಲ್ಲ. ಆದರೆ ಜೂನ್, ಜುಲೈ ತಿಂಗಳ ಪ್ರವೇಶಾತಿಯ ದಿನಗಳಲ್ಲಿ, ಮತ್ತೆ ಪರೀಕ್ಷೆಯ ದಿನಗಳಲ್ಲಿ ಅವರು ಮನೆಗೆ ಬರುವ ಹೊತ್ತಿಗೆ ನಾವು ಮಲಗಿರುತ್ತಿದ್ದೆವು. ನಮ್ಮ ಶಾಲೆಯ ಸಭೆಗಳಿಗೆ ಬಂದದ್ದು ಅಮ್ಮ. ರಾತ್ರಿ ಯಾವುದೋ ಊರಿನಿಂದ ಅಂಕಪಟ್ಟಿ ಸರಿಪಡಿಸಿಕೊಳ್ಳಲು ಬಂದು ಬಸ್ ತಪ್ಪಿದ ಹುಡುಗನಿಗೆ ನಡುಮನೆಯಲ್ಲಿ ಹಾಸಿಗೆ ಹಾಸಿದ್ದೂ, ಮಿಕ್ಕ ಅನ್ನಕ್ಕೆ ಒಗ್ಗರಣೆ ಹಾಕಿ ಬಡಿಸಿದ್ದೂ ಅಮ್ಮ. ಅವರ ಸೇವೆಯ ಅರ್ಧದಷ್ಟು ನಮ್ಮ ಅಡುಗೆಮನೆಯಿಂದ ನಡೆಯಿತು. ಅಮ್ಮನ ಹೆಸರಿಲ್ಲದೆ ಅಪ್ಪನನ್ನು ಹೊಗಳಿದರೆ ಅದನ್ನು ಓದಲು ನಮಗೆ ಕಷ್ಟವಾಗುತ್ತದೆ.

ಕುಟುಂಬ ಪ್ರಾರ್ಥನೆಯ ಬಗ್ಗೆ ಒಂದು ವಿಷಯ ಹೇಳಬಹುದೆನಿಸುತ್ತದೆ. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕುಳಿತು ಬೈಬಲಿನ ಒಂದೊಂದು ವಾಕ್ಯ ಓದಿದ ಮೇಲೆ ಅಪ್ಪ ಪ್ರಾರ್ಥಿಸುತ್ತಿದ್ದರು. ಅದರಲ್ಲಿ ನಮಗೆ ಪರಿಚಯವಿಲ್ಲದ ಹೆಸರುಗಳು ಬರುತ್ತಿದ್ದವು, ಹಿಂದೂ ಹೆಸರುಗಳು, ಮುಸಲ್ಮಾನರ ಹೆಸರುಗಳು. ಚಿಕ್ಕವರಿದ್ದಾಗ ಅವರೆಲ್ಲ ದೂರದ ನೆಂಟರೆಂದು ತಿಳಿದಿದ್ದೆವು. ಶುಲ್ಕ ಕಟ್ಟಲಾಗದವರು, ತಂದೆಯನ್ನು ಕಳೆದುಕೊಂಡವರು, ಪರೀಕ್ಷೆಗೆ ಹೆದರಿ ಊರಿಗೆ ಹೋಗಿಬಿಟ್ಟವರು ಅವರೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಕಾರಣವನ್ನು ಅವರು ಪ್ರಾರ್ಥನೆಯಲ್ಲಿಯೂ ಹೇಳುತ್ತಿರಲಿಲ್ಲ. ಹಾಗಾಗಿ ಸಂಚಿಕೆಯಲ್ಲಿ ಸಹಾಯ ಪಡೆದವರ ಹೆಸರುಗಳನ್ನು ಅವರವರ ಒಪ್ಪಿಗೆಯಿಲ್ಲದೆ ಅಚ್ಚು ಮಾಡಬೇಡಿ. ಔಟ್‌ವರ್ಡ್ ರಿಜಿಸ್ಟರ್ ನೋಡುವಾಗಲೂ ಇದು ನೆನಪಿರಲಿ.

ಉತ್ತರ 5 — ಲೆಕ್ಕದ ಮೇಷ್ಟ್ರು

ದತ್ತಿಯ ಲೆಕ್ಕವನ್ನು ಸ್ವಲ್ಪ ನೋಡೋಣ. 5 ಲಕ್ಷ ರೂಪಾಯಿಯನ್ನು ಶೇಕಡ 6.5ರ ಬಡ್ಡಿಗೆ ಸ್ಥಿರ ಠೇವಣಿಯಾಗಿ ಇಟ್ಟರೆ ವರ್ಷಕ್ಕೆ 32,500 ರೂಪಾಯಿ ಬರುತ್ತದೆ. ಅಷ್ಟನ್ನೂ ಖರ್ಚು ಮಾಡಿದರೆ ದತ್ತಿ ಬಡವಾಗುತ್ತ ಹೋಗುತ್ತದೆ. ಹಿಂದೆ ಸಾವಿರ ರೂಪಾಯಿಯಲ್ಲಿ ಸ್ಥಾಪಿಸಿದ ಎಷ್ಟೋ ದತ್ತಿಗಳ ಬಡ್ಡಿ ಇಂದು ಅತಿಥಿಗೆ ಹಾಕುವ ಹಾರಕ್ಕೂ ಸಾಲುವುದಿಲ್ಲ. ಬಡ್ಡಿಯ ಕಾಲು ಭಾಗವನ್ನು ಮತ್ತೆ ಅಸಲಿಗೆ ಸೇರಿಸಬೇಕೆಂದು ದತ್ತಿಪತ್ರದಲ್ಲೇ ಬರೆಯಿರಿ, ಉಳಿಯುವ ಸುಮಾರು 24,000 ರೂಪಾಯಿಯನ್ನು ಸ್ಕ್ರೈಬ್‌ಗಳ ಖರ್ಚಿಗೂ ಪರೀಕ್ಷಾ ಶುಲ್ಕಕ್ಕೂ ಬಳಸಬಹುದು. ಫಲಾನುಭವಿಯನ್ನು ಆರಿಸುವವರು ಯಾರು, ಆ ವರ್ಷ ಅರ್ಹರಿಲ್ಲದಿದ್ದರೆ ಹಣ ಎಲ್ಲಿಗೆ ಹೋಗಬೇಕು ಎಂಬೆರಡು ವಾಕ್ಯಗಳಿಲ್ಲದ ದತ್ತಿಪತ್ರಗಳೇ ಮುಂದೆ ಜಗಳಕ್ಕೆ ಕಾರಣವಾಗುತ್ತವೆ. ದಾನಿಗಳಿಗೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿಯ (80ಜಿ ಎಂದು ಕರೆಯುವುದರ) ಆಸೆ ತೋರಿಸುವ ಮೊದಲು ಸಂಸ್ಥೆಗೆ ಆ ಮಾನ್ಯತೆ ಇದೆಯೇ ಎಂದು ನೋಡಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಹೇಗೂ ಅದು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು — ಸಂಚಿಕೆಯ ಸಂಪಾದಕ

ಎಲ್ಲರಿಗೂ ಕೃತಜ್ಞತೆಗಳು. ಲೇಖನವನ್ನು ಸೇವಾ ಪುಸ್ತಕಗಳ ಪ್ರಸಂಗದಿಂದ ಆರಂಭಿಸಿ, ಸ್ಕ್ರೈಬ್‌ಗಳ ಪಟ್ಟಿ ಮತ್ತು ಕ್ಯಾಸೆಟ್ಟುಗಳ ಮೂಲಕ ಮನೆಗೆ, ಅಲ್ಲಿಂದ ಸಭೆಯ ಕೆಲಸಕ್ಕೆ ಸಾಗಿಸುವ ಯೋಚನೆಯಲ್ಲಿದ್ದೇನೆ. ಕುಟುಂಬ, ನಂಬಿಕೆ, ಸೇವೆ ಎಂದು ಮೂರು ಉಪಶೀರ್ಷಿಕೆಗಳನ್ನು ಹಾಕಿಟ್ಟಿದ್ದೆ, ಅವನ್ನು ತೆಗೆದುಹಾಕಿದ್ದೇನೆ. ತಾಯಿಯವರನ್ನು ಕಂಡು ಮಾತನಾಡಲು ಅವಕಾಶ ಕೊಡಬೇಕೆಂದು ಮಗಳಲ್ಲಿ ವಿನಂತಿ. ಅವರು ಹೇಳುವುದನ್ನು ನನ್ನ ಲೇಖನದೊಳಗೆ ಸೇರಿಸುವ ಬದಲು ಅವರ ಮಾತಿನಲ್ಲೇ ಪ್ರತ್ಯೇಕವಾಗಿ ಅಚ್ಚು ಮಾಡುವುದು ಸರಿಯೆನಿಸುತ್ತದೆ. ಹೆಸರುಗಳ ವಿಷಯದಲ್ಲಿ ನೀವು ಹೇಳಿದಂತೆಯೇ ನಡೆಯುತ್ತೇವೆ.

ಉತ್ತರ 2 ಬರೆದವರಲ್ಲಿ ಆ ಕ್ಯಾಸೆಟ್ಟುಗಳು ಇನ್ನೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ಕೇಳುವ ಸ್ಥಿತಿಯಲ್ಲಿರುವಷ್ಟನ್ನು ಡಿಜಿಟಲ್ ರೂಪಕ್ಕೆ ತರುವ ಖರ್ಚನ್ನು ಸಂಘ ವಹಿಸಿಕೊಳ್ಳುತ್ತದೆ. ದತ್ತಿಪತ್ರದ ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕುತ್ತೇನೆ, ಲೆಕ್ಕದ ಮೇಷ್ಟ್ರು ಒಮ್ಮೆ ನೋಡಿಕೊಡಬೇಕು.